ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣ: ಪೇಟೆಯಲ್ಲಿ ಮೆಟ್ರೊ ನೆಲದಡಿ ಹೋದದ್ದು ಸರಿಯಾಯಿತೇ?

ತರಗುಪೇಟೆಯ ಹಳಬ

ಮೊನ್ನೆ ಮದುವೆಮನೆಯ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, ಮೆಜೆಸ್ಟಿಕ್‌ನಿಂದ ಕೆ.ಆರ್. ಮಾರುಕಟ್ಟೆಯವರೆಗೆ ಮೆಟ್ರೊವನ್ನು ನೆಲದಡಿ ಒಯ್ದದ್ದು ದುಡ್ಡಿನ ದಂಡ, ಜಯನಗರದಲ್ಲಿ ಮಾಡಿದಂತೆ ಇಲ್ಲಿಯೂ ಕಂಬ ನಿಲ್ಲಿಸಿದ್ದರೆ ಹಸಿರು ಮಾರ್ಗ ಎಷ್ಟೋ ಮೊದಲೇ ಪೂರ್ತಿಯಾಗುತ್ತಿತ್ತು ಎಂದರು. ಊಟದ ಹೊತ್ತಿನಲ್ಲಿ ವಾದ ಬೇಡವೆಂದು ಸುಮ್ಮನಾದೆ. ಆದರೆ ಆ ಮಾತು ಮನಸ್ಸಿನಿಂದ ಹೋಗಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಈ ಪೇಟೆಗಳ ನಡುವೆಯೇ. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ಮಾಮೂಲ್‌ಪೇಟೆ, ಸುಲ್ತಾನ್‌ಪೇಟೆ ಎಂದು ಒಂದಕ್ಕೊಂದು ಹೆಣೆದುಕೊಂಡಿರುವ ಈ ಬೀದಿಗಳಲ್ಲಿ ಒಂದು ತಳ್ಳುಗಾಡಿ ಎದುರಾದರೆ ಇನ್ನೊಂದು ಗೋಡೆಗೆ ಸರಿದು ನಿಲ್ಲಬೇಕು. ಕಂಬ ಊರಬೇಕೆಂದರೆ ಮೊದಲು ಬೀದಿಯ ಒಂದು ಪಕ್ಕವನ್ನಾದರೂ ಉದ್ದಕ್ಕೂ ಕೆಡವಬೇಕಾಗುತ್ತಿತ್ತು. ಕೆಡವಿದ ಅಂಗಡಿಗೆ ಪರಿಹಾರ ಕೊಡಬಹುದು. ಆದರೆ ಬಳೆಯ ಅಂಗಡಿಯ ಪಕ್ಕದಲ್ಲಿ ಬಳೆಯ ಅಂಗಡಿ, ಪಾತ್ರೆಯ ಅಂಗಡಿಯ ಪಕ್ಕದಲ್ಲಿ ಪಾತ್ರೆಯ ಅಂಗಡಿ ಎಂದು ಸಾಲಾಗಿ ಕೂತು ನಡೆಯುವ ಈ ವ್ಯಾಪಾರವನ್ನು ಒಮ್ಮೆ ಚದುರಿಸಿದರೆ ಮತ್ತೆ ಕೂಡಿಸಲು ಯಾವ ಪರಿಹಾರದಿಂದಲೂ ಆಗದು.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ತಡವಾದರೂ, ದುಬಾರಿಯಾದರೂ, ಇಲ್ಲಿ ನೆಲದಡಿ ಹೋದದ್ದೇ ಸರಿ. ತಿಳಿದವರು ಒಪ್ಪಲಿ ಅಥವಾ ತಿದ್ದಲಿ.

ಜಯನಗರದಿಂದ

ತರಗುಪೇಟೆಯವರೇ, ನಿಮ್ಮ ಕಳಕಳಿ ಅರ್ಥವಾಗುತ್ತದೆ, ಆದರೂ ಆ ಹಿರಿಯರ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಮೊದಲ ಹಂತದ 42.3 ಕಿ.ಮೀ. ಉದ್ದದಲ್ಲಿ ಸುರಂಗ ಇದ್ದದ್ದು 8.82 ಕಿ.ಮೀ. ಮಾತ್ರ, 40 ನಿಲ್ದಾಣಗಳಲ್ಲಿ ನೆಲದಡಿ ಇದ್ದದ್ದು 7. ಆ ಐದನೆಯ ಒಂದು ಭಾಗವೇ ಉಳಿದ ನಾಲ್ಕು ಭಾಗಗಳನ್ನು ಕಾಯಿಸಿತು. 2006ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು, 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಮೊದಲ ರೈಲು ಓಡಿತು. ನಮ್ಮ ಬಡಾವಣೆಯವರು ಹಸಿರು ಮಾರ್ಗದ ರೈಲು ಹತ್ತಿದ್ದು 2017ರ ಜೂನ್ 18ರಂದು. ಮನೆಯ ಎದುರು ಎತ್ತರದಲ್ಲಿ ಹಳಿ ಕಾಣುತ್ತಿತ್ತು, ನಿಲ್ದಾಣದ ಕಟ್ಟಡ ಎದ್ದು ನಿಂತಿತ್ತು, ರೈಲು ಮಾತ್ರ ಇರಲಿಲ್ಲ. ನನ್ನ ಮಗಳು ಕಾಲೇಜಿಗೆ ಸೇರಿದ ವರ್ಷ ಮೆಟ್ರೊದಲ್ಲಿ ಹೋಗುತ್ತೇನೆ ಎಂದಿದ್ದಳು. ಓದು ಮುಗಿಯುವವರೆಗೂ ಬಸ್ಸಿನಲ್ಲಿಯೇ ಓಡಾಡಿದಳು.

ಸುರಂಗಕ್ಕೆ ಕಟ್ಟುವಾಗ ಒಮ್ಮೆ ಖರ್ಚು ಮಾಡಿದರೆ ಮುಗಿಯುವುದೂ ಇಲ್ಲ. ಹಗಲಿನಲ್ಲಿಯೂ ದೀಪ ಉರಿಯಬೇಕು, ಗಾಳಿ ಹಾಯಿಸುವ ಯಂತ್ರ ತಿರುಗಬೇಕು, ಒಸರುವ ನೀರನ್ನು ಪಂಪು ಎತ್ತಿ ಹಾಕುತ್ತಲೇ ಇರಬೇಕು. ನಿಲ್ದಾಣ ಇರುವಷ್ಟು ಕಾಲವೂ ಈ ಖರ್ಚು ತಪ್ಪುವುದಿಲ್ಲ. ಅದನ್ನೂ ಸೇರಿಸಿ ಲೆಕ್ಕ ಹಾಕಬೇಕಲ್ಲವೇ?

ಸಿವಿಲ್ ಕೆಲಸದವ

ನಾನು ಈ ಮಾರ್ಗದಲ್ಲಿ ಕೆಲಸ ಮಾಡಿದವನಲ್ಲ. ಬೇರೆ ಊರುಗಳಲ್ಲಿ ಅಡಿಪಾಯ ಮತ್ತು ಅಗೆತದ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವನು. ತಡವಾದದ್ದಕ್ಕೆ ನಿರ್ಧಾರವನ್ನು ದೂರುವ ಮೊದಲು ಬೆಂಗಳೂರಿನ ನೆಲ ಎಂಥದ್ದು ಎಂಬುದನ್ನು ನೋಡಬೇಕೆಂದು ನನ್ನ ವಿನಂತಿ.

ಲಾಲ್‌ಬಾಗಿನ ಬಂಡೆಯನ್ನು ಎಲ್ಲರೂ ಹತ್ತಿದ್ದೇವೆ. ಸುಮಾರು 300 ಕೋಟಿ ವರ್ಷ ಹಳೆಯದೆಂದು ಹೇಳುವ ಆ ನೈಸ್ ಶಿಲೆಯೇ ನಗರದ ಅಡಿಯಲ್ಲೆಲ್ಲ ಹಾಸಿಕೊಂಡಿದೆ. ಅದು ಎಲ್ಲ ಕಡೆ ಒಂದೇ ಸಮನಾಗಿ ಗಟ್ಟಿಯಾಗಿದ್ದರೆ ಕೊರೆಯುವವರಿಗೆ ಅಷ್ಟು ಕಷ್ಟವಿರುತ್ತಿರಲಿಲ್ಲ. ಈ ಶಿಲೆ ಬಿರುಕಿನ ಗುಂಟ ನೀರು ಇಳಿದ ಕಡೆ ಕೊಳೆತು ಮಣ್ಣಾಗಿದೆ, ಇಳಿಯದ ಕಡೆ ಗುಂಡುಗಲ್ಲಾಗಿ ಉಳಿದಿದೆ. ಹಾಗಾಗಿ ಸುರಂಗ ಕೊರೆಯುವ ಯಂತ್ರದ ಮುಖದ ಕೆಳಗಿನ ಅರ್ಧಕ್ಕೆ ಕಬ್ಬಿಣದಂಥ ಕಲ್ಲು, ಮೇಲಿನ ಅರ್ಧಕ್ಕೆ ಒದ್ದೆ ಮಣ್ಣು ಒಂದೇ ವೇಳೆಯಲ್ಲಿ ಎದುರಾಗುತ್ತವೆ. ಕಲ್ಲಿಗೆ ತಕ್ಕಂತೆ ಒತ್ತಿದರೆ ಮೇಲಿನ ಮಣ್ಣು ಹೆಚ್ಚಾಗಿ ಒಳಕ್ಕೆ ಬಂದು ನೆಲ ಕುಸಿಯುವ ಅಪಾಯ, ಮಣ್ಣಿಗೆ ತಕ್ಕಂತೆ ನಿಧಾನಿಸಿದರೆ ಕಲ್ಲು ಅಲ್ಲಾಡುವುದೇ ಇಲ್ಲ. ಕಲ್ಲು ಕತ್ತರಿಸುವ ಉಕ್ಕಿನ ಚಕ್ರಗಳು ಸವೆದಾಗ ಯಂತ್ರ ನಿಲ್ಲಿಸಿ, ಕೆಲಸಗಾರರು ಮುಂಭಾಗದ ಇಕ್ಕಟ್ಟಿನೊಳಗೆ ಹೋಗಿ ಬದಲಾಯಿಸಬೇಕು. ಮೇಲೆ ಜನವಸತಿ ಇರುವ ಕಡೆ ಯಂತ್ರವನ್ನು ಬೇಕಾದಲ್ಲಿ ನಿಲ್ಲಿಸುವಂತೆಯೂ ಇಲ್ಲ.

ಇದರ ಜೊತೆಗೆ ಪೇಟೆಯಲ್ಲಿ ಬಾವಿಗಳು. ಕಾವೇರಿ ನೀರಿನ ನಲ್ಲಿ ಬರುವ ಮೊದಲು ಹಿತ್ತಿಲಲ್ಲಿ ಬಾವಿ ಇರುವುದು ಸಾಮಾನ್ಯವಾಗಿತ್ತು. ಆಮೇಲೆ ಅವನ್ನು ಕಸ ತುಂಬಿ ಮುಚ್ಚಿ, ಮೇಲೆ ಅಡುಗೆಮನೆಯನ್ನೋ ಗೋದಾಮನ್ನೋ ಕಟ್ಟಿದರು. ಅವು ಯಾವ ನಕ್ಷೆಯಲ್ಲಿಯೂ ಇರುವುದಿಲ್ಲ. ಕೊರೆಯುವ ಯಂತ್ರಕ್ಕೆ ಇಂಥದ್ದೊಂದು ಎದುರಾದರೆ ಒಳಗಿನ ಒತ್ತಡವೆಲ್ಲ ಆ ಪೊಳ್ಳಿನ ದಾರಿಯಾಗಿ ಸೋರಿಹೋಗುತ್ತದೆ.

ಉತ್ತರ–ದಕ್ಷಿಣ ಸುರಂಗಕ್ಕೆ ಇಳಿಸಿದ ಯಂತ್ರಗಳಿಗೆ ಕೃಷ್ಣಾ, ಕಾವೇರಿ, ಗೋದಾವರಿ ಎಂದು ಹೆಸರಿಟ್ಟಿದ್ದರು. ಅವುಗಳಲ್ಲಿ ಗೋದಾವರಿ ಚಿಕ್ಕಪೇಟೆಯಿಂದ ಮೆಜೆಸ್ಟಿಕ್ ಕಡೆಗೆ ಹೋಗುವಾಗ ಮುಂಭಾಗ ಹಾಳಾಗಿ ತಿಂಗಳುಗಟ್ಟಲೆ ನಿಂತಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಮೆಜೆಸ್ಟಿಕ್‌ನಲ್ಲಿ ಹೊರಬಂದಿತು. ಜಯನಗರದವರೇ, ನಿಮ್ಮ ಮಗಳನ್ನು ಕಾಯಿಸಿದ್ದು ಈ ಕಲ್ಲು. ಕಂಬದ ದಾರಿ ಹಿಡಿದಿದ್ದರೂ ಭೂಸ್ವಾಧೀನದ ತಕರಾರುಗಳಲ್ಲಿ ಅಷ್ಟೇ ವರ್ಷ ಕಳೆಯುತ್ತಿದ್ದವೆಂದು ನನ್ನ ಅಂದಾಜು. ಇದು ಅಂದಾಜು ಮಾತ್ರ, ಲೆಕ್ಕವಲ್ಲ.

ಕೋಟೆ ಬೀದಿಯ ಶಿಕ್ಷಕಿ

ಈ ನಿಲ್ದಾಣ ಯಾವ ನೆಲದಲ್ಲಿ ಇಳಿದಿದೆ ಎಂಬುದನ್ನು ಯಾರೂ ಹೇಳಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಮಣ್ಣಿನ ಕೋಟೆಯ ನೆನಪು ಪೇಟೆಯ ಬೀದಿಗಳಲ್ಲಿದೆ. ದಕ್ಷಿಣದ ಕೋಟೆಯನ್ನು ಹೈದರಾಲಿ 1761ರ ಸುಮಾರಿಗೆ ಕಲ್ಲಿನಲ್ಲಿ ಕಟ್ಟಿಸಿದನು. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಅದನ್ನು ಹಿಡಿಯಿತು. ಇಂದು ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಸುತ್ತಲಿನ ಸ್ವಲ್ಪ ಭಾಗ. 1689ರ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ, ಅದರ ಮಗ್ಗುಲಲ್ಲೇ ತೇಗದ ಮರದ ಕಂಬಗಳ ಟಿಪ್ಪುವಿನ ಅರಮನೆ, ವಿಕ್ಟೋರಿಯಾ ಆಸ್ಪತ್ರೆ, ಮಾರುಕಟ್ಟೆಯ 1928ರ ಕಟ್ಟಡ, ಇಷ್ಟೂ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿವೆ. ಮಾರುಕಟ್ಟೆ ಕಟ್ಟುವ ಮೊದಲು ಅಲ್ಲಿ ಸಿದ್ದಿಕಟ್ಟೆ ಎಂಬ ಕೆರೆ ಇತ್ತು. ಹಳಬರು ಮಾರುಕಟ್ಟೆಯ ಒಂದು ಭಾಗವನ್ನು ಇಂದಿಗೂ ಆ ಹೆಸರಿನಿಂದಲೇ ಕರೆಯುತ್ತಾರೆ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಾಗ ದೀಪ ಹೊತ್ತಿದ್ದೂ ಇದೇ ಆವರಣದಲ್ಲಿ.

2012ರಲ್ಲಿ ಕೋಟೆಯ ಹತ್ತಿರ ಮೆಟ್ರೊ ಕೆಲಸಕ್ಕೆ ಅಗೆಯುವಾಗ ಎರಡು ಕಬ್ಬಿಣದ ಫಿರಂಗಿಗಳು ಸಿಕ್ಕಿದವು. ಒಂದೊಂದೂ ಸುಮಾರು ಒಂದು ಟನ್ ತೂಕದವು, ಜೊತೆಗೆ ಗುಂಡುಗಳೂ ಇದ್ದವು. ಅಂದು ನನ್ನ ತರಗತಿಯ ಮಕ್ಕಳು ಪತ್ರಿಕೆಯ ಚಿತ್ರವನ್ನು ಕತ್ತರಿಸಿ ತಂದು, ಮಿಸ್, ಇದು ನಮ್ಮ ಮನೆ ಕೆಳಗೂ ಇರಬಹುದಾ ಎಂದು ಕೇಳಿದರು. ಹದಿನೆಂಟನೆಯ ಶತಮಾನದ ಯುದ್ಧವನ್ನು ನಾನು ಎಷ್ಟೋ ವರ್ಷ ಪಾಠ ಮಾಡಿದ್ದೆ. ಅದು ತಮ್ಮ ಕಾಲಡಿಯಲ್ಲಿ ನಡೆದದ್ದು ಎಂದು ಅವರಿಗೆ ನಾಟಿದ್ದು ಆ ದಿನ. ರಸ್ತೆಗೆ ಕಂಬ ನಿಲ್ಲಿಸುವ ಗುಂಡಿಯಲ್ಲಿಯೂ ಇಂಥವು ಸಿಗಬಹುದು, ಆದರೆ ನಿಲ್ದಾಣದ ಪೆಟ್ಟಿಗೆಯಷ್ಟು ಅಗಲವಾಗಿ, ಮೇಲಿನಿಂದ ಕೆಳಕ್ಕೆ ಪದರಪದರವಾಗಿ ತೆಗೆಯುವಾಗ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು.

ನನ್ನದೊಂದು ಆಸೆಯಿದೆ. ಟಿಕೆಟ್ ಕೊಳ್ಳುವ ಅಂತಸ್ತಿನ ಗೋಡೆಯ ಮೇಲೆ ಹಳೆಯ ಕೋಟೆಯ ನಕ್ಷೆಯನ್ನು ಬರೆದು, ನೀವು ಈಗ ಇಲ್ಲಿ ನಿಂತಿದ್ದೀರಿ ಎಂದು ಒಂದು ಗುರುತು ಹಾಕಿದರೆ ಸಾಕು.

ಶುಕ್ರವಾರದ ಹೂವಿನವಳು

ಎಲ್ಲರೂ ಕಟ್ಟಿದ ಬಗೆಯನ್ನು ಹೇಳಿದ್ದೀರಿ, ಬಳಸುವ ಬಗೆಯನ್ನು ನಾನು ಹೇಳುತ್ತೇನೆ. ನಾನು ಯಲಚೇನಹಳ್ಳಿಯ ಕಡೆ ಇರುವವಳು. ಅಕ್ಕಪಕ್ಕದ ಮೂವತ್ತು ಮನೆಗಳಿಗೆ ಹೂ ಕಟ್ಟಿ ಕೊಡುತ್ತೇನೆ. ಮೊದಲು ಮಾರುಕಟ್ಟೆಗೆ ಹೋಗಬೇಕೆಂದರೆ ಎರಡು ಬಸ್ಸು ಬದಲಾಯಿಸಬೇಕಿತ್ತು. ಬರುವಾಗ ನೂಕುನುಗ್ಗಲಿನಲ್ಲಿ ಕನಕಾಂಬರ ಬಾಡಿ, ಕಾಕಡದ ಮೊಗ್ಗು ಕಂದಿ ಹೋಗುತ್ತಿತ್ತು. ಈಗ ಒಂದೇ ರೈಲಿನಲ್ಲಿ ಹೋಗಿ ಬರುತ್ತೇನೆ.

ಮೊದಲ ರೈಲಿಗೆ ಹೋದರೂ ಸಗಟು ವ್ಯಾಪಾರದ ಮುಖ್ಯ ಹೊತ್ತು ಕಳೆದಿರುತ್ತದೆ, ಅದು ನಸುಕಿನ ಮೂರು ನಾಲ್ಕು ಗಂಟೆಯ ವ್ಯವಹಾರ. ಆದರೂ ನನ್ನಂಥ ಚಿಲ್ಲರೆಯವರಿಗೆ ಆರು ಗಂಟೆಯ ದರ ಸಾಕಾಗುತ್ತದೆ. ಬಿಡಿ ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಬಾಳೆಲೆ ಸುತ್ತಿ, ಹೆಗಲ ಚೀಲದಲ್ಲಿ ಕೂರಿಸುತ್ತೇನೆ. ನೀರು ತೊಟ್ಟಿಕ್ಕಬಾರದು, ಅದು ಮುಖ್ಯ. ಮೆಟ್ರೊದಲ್ಲಿ ಸಾಮಾನಿನ ಗಾತ್ರಕ್ಕೂ ತೂಕಕ್ಕೂ ಮಿತಿ ಇರುವುದರಿಂದ ಮೂಟೆ ಕಟ್ಟಿ ತರುವಂತಿಲ್ಲ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಾತ್ರ ನಾಲ್ವರು ಹೆಂಗಸರು ಸೇರಿ ಒಂದು ಗೂಡ್ಸ್ ಆಟೊ ಮಾಡಿಕೊಳ್ಳುತ್ತೇವೆ.

ಕೆಳಗೆ ತಣ್ಣಗಿರುವುದು ಹೂವಿಗೆ ಎಷ್ಟು ಒಳ್ಳೆಯದು ಎಂಬುದನ್ನು ಖರ್ಚಿನ ಲೆಕ್ಕ ಹಾಕುವವರು ಗಮನಿಸಬೇಕು. ಏಪ್ರಿಲ್ ತಿಂಗಳಿನಲ್ಲಿ ಮೇಲಿನ ಬಿಸಿಲಿನಿಂದ ಮೆಟ್ಟಿಲಿಳಿದು ಪ್ಲಾಟ್‌ಫಾರಂಗೆ ಬಂದರೆ ನನಗೂ ನನ್ನ ಮಲ್ಲಿಗೆಗೂ ಒಟ್ಟಿಗೆ ಜೀವ ಬರುತ್ತದೆ. ರೈಲು ನ್ಯಾಷನಲ್ ಕಾಲೇಜಿನ ಕಡೆ ಏರಿ ಬೆಳಕಿಗೆ ಬರುವ ಹೊತ್ತಿಗೆ ಡಬ್ಬಿಯೆಲ್ಲ ಹೂವಿನ ವಾಸನೆ ತುಂಬಿಕೊಂಡಿರುತ್ತದೆ. ಒಮ್ಮೆ ಎದುರು ಕುಳಿತಿದ್ದ ಹುಡುಗಿ, ಆಂಟಿ, ಒಂದು ಮೊಳ ಕೊಡ್ತೀರಾ ಎಂದು ಕೇಳಿದಳು. ರೈಲಿನಲ್ಲಿ ಮಾರುವಂತಿಲ್ಲ ಕಣಮ್ಮ ಎಂದು ಹೇಳಿ, ಎರಡು ಗುಲಾಬಿಯನ್ನು ಸುಮ್ಮನೆ ಕೊಟ್ಟೆ.

ಮುಂಬಯಿಯ ಕನ್ನಡಿಗ

ಇದೇ ಪ್ರಶ್ನೆ ನಮ್ಮಲ್ಲಿ ಬಂದದ್ದು ಕಾಲ್ಬಾದೇವಿ ಮತ್ತು ಗಿರಗಾಂವ್‌ಗಳಲ್ಲಿ. ಆರೆಯಿಂದ ಕಫ್ ಪರೇಡ್‌ವರೆಗಿನ 33.5 ಕಿ.ಮೀ. ಉದ್ದದ ಮೂರನೆಯ ಮಾರ್ಗದಲ್ಲಿ 27 ನಿಲ್ದಾಣಗಳು, ಅವುಗಳಲ್ಲಿ 26 ನೆಲದಡಿ. ಕೊನೆಯ ಭಾಗ 2025ರ ಅಕ್ಟೋಬರ್‌ನಲ್ಲಿ ತೆರೆಯಿತು. ಕಾಲ್ಬಾದೇವಿಯ ಗಲ್ಲಿಗಳು ನಿಮ್ಮ ಚಿಕ್ಕಪೇಟೆಗೆ ಅಕ್ಕತಂಗಿಯರಂತೆ ಇವೆ: ಕೆಳಗೆ ಬಟ್ಟೆಯ ಅಂಗಡಿ, ಮೇಲೆ ಮರದ ಮೆಟ್ಟಿಲಿನ ಹಳೆಯ ಮನೆಗಳು.

ತರಗುಪೇಟೆಯವರ ಮಾತಿಗೆ ಒಂದು ತಿದ್ದುಪಡಿ ಸೇರಿಸಲು ಬಯಸುತ್ತೇನೆ. ನೆಲದಡಿ ಹೋದರೆ ಮೇಲಿನದ್ದೆಲ್ಲ ಉಳಿಯುತ್ತದೆ ಎಂಬುದು ಸುರಂಗಕ್ಕೆ ನಿಜ, ನಿಲ್ದಾಣಕ್ಕೆ ಪೂರ್ತಿ ನಿಜವಲ್ಲ. ನಿಲ್ದಾಣಕ್ಕೆ ಬಾಯಿ ಬೇಕು, ಗಾಳಿಯ ಗೂಡು ಬೇಕು, ಲಿಫ್ಟು ಬೇಕು, ಬೆಂಕಿ ಬಿದ್ದರೆ ಜನ ಹೊರಬರುವ ದಾರಿ ಬೇಕು. ಕಾಲ್ಬಾದೇವಿ–ಗಿರಗಾಂವ್‌ಗಳಲ್ಲಿ ಈ ಕಾರಣಕ್ಕಾಗಿ ಹಳೆಯ ಕಟ್ಟಡಗಳನ್ನು ತೆಗೆಯಬೇಕಾಯಿತು. ಅಲ್ಲಿದ್ದ ಕುಟುಂಬಗಳಿಗೆ ಅದೇ ಪರಿಸರದಲ್ಲಿ ಮನೆ ಕಟ್ಟಿಕೊಡುವ ಯೋಜನೆ ಮಾಡಿದ್ದಾರೆ. ಅದೇ ಪರಿಸರದಲ್ಲಿ ಎಂಬ ಮಾತಿಗೆ ನಾನು ಒತ್ತು ಕೊಡುತ್ತೇನೆ, ಏಕೆಂದರೆ ದೂರದ ಉಪನಗರದಲ್ಲಿ ಎಷ್ಟು ದೊಡ್ಡ ಮನೆ ಕೊಟ್ಟರೂ ಗಲ್ಲಿಯ ವ್ಯಾಪಾರಿ ಅಲ್ಲಿ ವ್ಯಾಪಾರಿಯಾಗಿ ಉಳಿಯುವುದಿಲ್ಲ.

ತರಗುಪೇಟೆಯ ಹಳಬ

ಮುಂಬಯಿಯವರೇ, ನಿಮ್ಮ ತಿದ್ದುಪಡಿಯನ್ನು ಒಪ್ಪಿಕೊಂಡೆ. ನಮ್ಮಲ್ಲಿಯೂ ಚಿಕ್ಕಪೇಟೆ ನಿಲ್ದಾಣದ ಜಾಗಕ್ಕಾಗಿ ಅಂಗಡಿ ಮನೆಗಳು ಹೋದವು. ನಮ್ಮ ತಂದೆಯವರು ಹತ್ತಿಯ ಹಾಸಿಗೆ ಹೊಲಿಸುತ್ತಿದ್ದ ಅಂಗಡಿಯೂ ಆ ಸಾಲಿನಲ್ಲಿತ್ತು. ಮಾರುಕಟ್ಟೆ ನಿಲ್ದಾಣ ಅಗಲವಾದ ಕೃಷ್ಣರಾಜೇಂದ್ರ ರಸ್ತೆಯ ಪಕ್ಕದಲ್ಲಿ ಇಳಿದದ್ದರಿಂದ ಅಲ್ಲಿ ಅಷ್ಟು ನಷ್ಟವಾಗಲಿಲ್ಲ. ಎಲ್ಲವೂ ಉಳಿಯಿತು ಎಂದು ನಾನು ಬರೆದಂತೆ ತೋರಿದ್ದರೆ ತಪ್ಪು ನನ್ನದು. ಒಂದು ನಿಲ್ದಾಣದಷ್ಟು ಜಾಗ ಹೋಯಿತು, ಒಂದು ಬೀದಿಯಷ್ಟು ಉದ್ದ ಹೋಗಲಿಲ್ಲ ಎನ್ನುವುದು ಸರಿಯಾದ ಮಾತು.

ಜಯನಗರದವರಿಗೆ ಒಂದು ಉದಾಹರಣೆ ಕೊಡುತ್ತೇನೆ. 1990ರ ದಶಕದ ಕೊನೆಯಲ್ಲಿ ಟೌನ್‌ಹಾಲ್ ಕಡೆಯಿಂದ ಸಿರ್ಸಿ ವೃತ್ತದವರೆಗೆ ಮೇಲ್ಸೇತುವೆ ಬಂತು. ಮೈಸೂರು ರಸ್ತೆಗೆ ಹೋಗುವವರಿಗೆ ಅದರಿಂದ ಬಹಳ ಅನುಕೂಲವಾಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮಾರುಕಟ್ಟೆಯ ಕಲ್ಲಿನ ಮುಖವನ್ನು ದೂರದಿಂದ ನೋಡಿದ ಕೊನೆಯ ತಲೆಮಾರು ನಮ್ಮದು. ಸೇತುವೆಯ ಕೆಳಗೆ ಬೆಳಕು ಕಡಿಮೆಯಾಯಿತು, ಕಂಬಗಳ ನಡುವೆ ಸದ್ದು ಕೂಡಿಕೊಂಡು ಗುಂಯ್ಗುಡತೊಡಗಿತು. ಅದರ ಜೊತೆಗೆ ಮೆಟ್ರೊದ ಕಂಬಗಳೂ ನಿಂತು, ಸೇತುವೆಯನ್ನು ದಾಟಲು ಹಳಿ ಇನ್ನೂ ಎತ್ತರಕ್ಕೆ ಏರಬೇಕಾಗಿದ್ದರೆ, ಹೂವಿನವರ ಹಾಗೆ ಚೀಲ ಹೊತ್ತವರು ನೆಲದಡಿಗೆ ಇಳಿಯುವ ಬದಲು ಮೂರು ನಾಲ್ಕು ಅಂತಸ್ತು ಹತ್ತಬೇಕಾಗುತ್ತಿತ್ತು.

ಕರಗದ ರಾತ್ರಿಯನ್ನೂ ನೆನೆಯಿರಿ. ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಟ ಕರಗ ಈ ಗಲ್ಲಿಗಳಲ್ಲೆಲ್ಲ ಸುತ್ತಿ, ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿ ಬರುತ್ತದೆ. ಅದರ ದಾರಿಯ ಕೆಳಗೇ ರೈಲು ಓಡುತ್ತದೆ. ಮೇಲೆ ನಿಂತವರಿಗೆ ಚೈತ್ರದ ಹುಣ್ಣಿಮೆ ಅಡ್ಡಿಯಿಲ್ಲದೆ ಕಾಣುತ್ತದೆ.

ಜಯನಗರದಿಂದ

ಪೇಟೆಯ ಮಟ್ಟಿಗೆ ಒಪ್ಪುತ್ತೇನೆ. ಮೇಲ್ಸೇತುವೆಯ ಮಾತು ನನ್ನ ಮನಸ್ಸಿಗೆ ತಟ್ಟಿತು, ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆದರೆ ಪೇಟೆಗೆ ಸರಿಯಾದದ್ದು ಎಲ್ಲೆಡೆಗೂ ಸರಿ ಎಂದು ಮಾತ್ರ ಹೇಳಬೇಡಿ. ಅಗಲವಾದ ರಸ್ತೆ ಇರುವ ಬಡಾವಣೆಗಳವರೂ ತಮಗೆ ಸುರಂಗವೇ ಬೇಕೆಂದು ಹಟ ಹಿಡಿದರೆ ಅದೇ ಹಣದಲ್ಲಿ ದೂರದ ಬಡಾವಣೆಗೆ ಹೋಗಬೇಕಾದ ಹಳಿ ಅರ್ಧಕ್ಕೇ ನಿಲ್ಲುತ್ತದೆ. ನಿತ್ಯದ ವಿದ್ಯುತ್ ಖರ್ಚಿನ ನನ್ನ ಪ್ರಶ್ನೆಗೂ ಉತ್ತರ ಬಂದಿಲ್ಲ.

ಸಿವಿಲ್ ಕೆಲಸದವ

ಖರ್ಚು ಹೆಚ್ಚು ಎಂಬುದು ನಿಜ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಸ್ವಲ್ಪ ಮಟ್ಟಿಗೆ ರೈಲೇ ಗಾಳಿಯನ್ನು ಆಡಿಸುತ್ತದೆ. ಪ್ಲಾಟ್‌ಫಾರಂನಲ್ಲಿ ನಿಂತಾಗ ರೈಲಿನ ದೀಪ ಕಾಣುವ ಮೊದಲೇ ಮುಖಕ್ಕೆ ಗಾಳಿ ಬೀಸುತ್ತದಲ್ಲ, ಅದು ಸೈಕಲ್ ಪಂಪಿನ ಹಿಡಿ ಒತ್ತಿದಂತೆ ರೈಲು ತನ್ನ ಮುಂದಿನ ಗಾಳಿಯನ್ನು ನೂಕಿಕೊಂಡು ಬರುವ ಪರಿಣಾಮ. ನಿಲ್ದಾಣದ ತುದಿಗಳಲ್ಲಿರುವ ಗೂಡುಗಳಿಂದ ಆ ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ. ಆದರೆ ಅದೇ ಗಾಳಿ ತಂಪು ಮಾಡಿದ ಗಾಳಿಯನ್ನೂ ಎಳೆದೊಯ್ಯುತ್ತದೆ. ಡೇರಿ ವೃತ್ತದಿಂದ ನಾಗವಾರದವರೆಗಿನ ಗುಲಾಬಿ ಮಾರ್ಗದ 12 ಸುರಂಗ ನಿಲ್ದಾಣಗಳಿಗೆ ಪ್ಲಾಟ್‌ಫಾರಂ ಅಂಚಿನಲ್ಲಿ ಗಾಜಿನ ಬಾಗಿಲುಗಳನ್ನು ಯೋಜಿಸಿರುವುದಕ್ಕೆ ಸುರಕ್ಷತೆಯ ಜೊತೆಗೆ ಇದೂ ಕಾರಣ.

ಎಲ್ಲೆಡೆ ಸುರಂಗ ಬೇಡ ಎಂಬ ನಿಮ್ಮ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ.

ಆಸ್ಪತ್ರೆಗೆ ಓಡಾಡುವವ

ಅಮ್ಮನ ಕಣ್ಣಿನ ಚಿಕಿತ್ಸೆಗಾಗಿ ಪೀಣ್ಯದಿಂದ ಇಲ್ಲಿಗೆ ಒಂಬತ್ತು ಸಲ ಬಂದಿದ್ದೇನೆ. ಶಸ್ತ್ರಚಿಕಿತ್ಸೆಯ ಮರುದಿನ ಒಂದು ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಎಸ್ಕಲೇಟರಿನ ಮೊದಲ ಮೆಟ್ಟಿಲು ಎಲ್ಲಿ ಶುರುವಾಗುತ್ತದೆಂದು ಅವರಿಗೆ ಅಂದಾಜು ಸಿಗಲಿಲ್ಲ, ಕಾಲು ಎತ್ತಿ ಮತ್ತೆ ಇಳಿಸಿದರು. ಅಲ್ಲಿದ್ದ ಭದ್ರತಾ ಸಿಬ್ಬಂದಿಯ ಹೆಣ್ಣುಮಗಳೊಬ್ಬರು ಬನ್ನಿ ಅಜ್ಜಿ ಎಂದು ಕೈ ಹಿಡಿದು ಲಿಫ್ಟಿನವರೆಗೆ ಕರೆದೊಯ್ದರು. ಕೆಳಗಿನ ವ್ಯವಸ್ಥೆಯ ಬಗ್ಗೆ ನನಗೆ ಯಾವ ದೂರೂ ಇಲ್ಲ.

ಕಷ್ಟ ಇರುವುದು ಮೇಲೆ ಬಂದ ನಂತರ. ಬಿಸಿಲಿಗೆ ಕಣ್ಣು ಹೊಂದಿಕೊಳ್ಳುವ ಮೊದಲೇ ತಳ್ಳುಗಾಡಿ, ಆಟೊ, ಮೂಟೆ ಹೊತ್ತ ಹಮಾಲರು ಎಲ್ಲರ ನಡುವೆ ರಸ್ತೆ ದಾಟಬೇಕು. ವ್ಯಾಪಾರ ಮಾಡುವವರನ್ನು ಎಬ್ಬಿಸಿ ಎಂದು ನಾನು ಹೇಳುತ್ತಿಲ್ಲ. ನಿಲ್ದಾಣದ ಬಾಗಿಲಿನಿಂದ ಆಸ್ಪತ್ರೆಯ ಬಾಗಿಲಿನವರೆಗೆ ಗಾಲಿಕುರ್ಚಿ ಉರುಳುವಷ್ಟು ಸಮನಾದ ಒಂದು ದಾರಿ, ಅದರ ಪಕ್ಕ ಹಿಡಿದುಕೊಳ್ಳಲು ಒಂದು ಕಂಬಿ, ಇಷ್ಟನ್ನೇ ಕೇಳುತ್ತಿದ್ದೇನೆ. ಪಟ್ಟಿ ಬಿಚ್ಚುವ ದಿನ ಮುಂದಿನ ಮಂಗಳವಾರ. ಯಾವ ಹೊತ್ತಿಗೆ ಬಂದರೆ ಗದ್ದಲ ಕಡಿಮೆ ಎಂದು ತಿಳಿದವರು ಹೇಳಿದರೆ ಉಪಕಾರ.

ತರಗುಪೇಟೆಯ ಹಳಬ

ನೆಲದಡಿ ಹೋದದ್ದು ಸರಿ ಎಂದು ವಾದಿಸುವವರು ನೆಲದ ಮೇಲಿನ ಈ ದಾರಿಯನ್ನು ಕೇಳಲೇಬೇಕು. ನಮ್ಮ ಬೀದಿಯ ವರ್ತಕರ ಸಭೆಗೆ ನೀವು ಬರೆದದ್ದನ್ನು ಹಾಗೆಯೇ ಓದಿ ಹೇಳಿ, ಆ ಸಮನಾದ ದಾರಿಗಾಗಿ ಅರ್ಜಿ ಬರೆಸುತ್ತೇನೆ. ಸರಕು ಇಳಿಸುವ ಸಮಯವನ್ನು ಆಸ್ಪತ್ರೆಯ ಹೊರರೋಗಿ ಹೊತ್ತಿನಿಂದ ಬೇರೆ ಮಾಡಿಕೊಳ್ಳುವುದು ನಮ್ಮ ಕೈಯಲ್ಲೇ ಇರುವ ಕೆಲಸ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಶಿಕ್ಷಕಿಯವರ ಕೋಟೆ ನಕ್ಷೆಯ ಬೇಡಿಕೆಯನ್ನೂ ಅದೇ ಅರ್ಜಿಯಲ್ಲಿ ಸೇರಿಸುತ್ತೇನೆ.

ಶುಕ್ರವಾರದ ಹೂವಿನವಳು

ಆಸ್ಪತ್ರೆಯವರೇ, ಅಮ್ಮನನ್ನು ಬೆಳಿಗ್ಗೆ ಏಳೂವರೆಯ ಒಳಗೆ ಕರೆತನ್ನಿ. ಆಗ ಸಗಟಿನ ಗಾಡಿಗಳು ಹೊರಟಿರುತ್ತವೆ, ಅಂಗಡಿಗಳ ಬಾಗಿಲು ಇನ್ನೂ ತೆರೆದಿರುವುದಿಲ್ಲ. ಮಂಗಳವಾರ ನಾನೂ ಬರುವವಳಿದ್ದೇನೆ. ನಿಲ್ದಾಣದ ಲಿಫ್ಟಿನ ಹತ್ತಿರ ಬಾಳೆಲೆ ಕಟ್ಟಿದ ಹಸಿರು ಚೀಲ ಹೆಗಲಿಗೆ ಹಾಕಿಕೊಂಡು ನಿಂತಿರುತ್ತೇನೆ. ರಸ್ತೆ ದಾಟಿಸಿ, ಆಮೇಲೆ ಹೂವಿಗೆ ಹೋಗುತ್ತೇನೆ.